ಸೀಸೆಯ ಮೇಲೆ ಪೂರ್ತಿ ಹೆಸರು ಬರೆಸಿ: ಔಷಧ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಔಷಧಗಳಿಗೆ ಪರವಾನಗಿ ನೀಡುವ ಮಾನ್ಯರೇ,

ನಾನು ಆಸ್ಪತ್ರೆಯೊಂದರ ಔಷಧ ತಯಾರಿ ಕೋಣೆಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ವೈದ್ಯರು ಬರೆದ ಚೀಟಿ ನನ್ನ ಮೇಜಿಗೆ ಬಂದು ಡ್ರಿಪ್ ಚೀಲವಾಗಿ ವಾರ್ಡಿಗೆ ಹೋಗುತ್ತದೆ. ರೋಗಿಯ ಮುಖ ನೋಡುವುದು ಅಪರೂಪ. ನನಗೆ ಕಾಣುವುದು ತೂಕ, ಡೋಸ್ ಮತ್ತು ಸೀಸೆಯ ಮೇಲಿನ ಹೆಸರು. ಈ ಪತ್ರ ಆ ಹೆಸರಿನ ಬಗ್ಗೆ.

ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ. ಆಗ ನಾನಿದ್ದದ್ದು ಬೇರೆ ಆಸ್ಪತ್ರೆಯಲ್ಲಿ. ಶಿಲೀಂಧ್ರದ ಸೋಂಕು ಮೈಯೆಲ್ಲ ಹರಡಿದ್ದ, ಐವತ್ತು ಕಿಲೊ ತೂಕದ ರೋಗಿಯೊಬ್ಬರಿಗೆ ‘ಆಂಫೊಟೆರಿಸಿನ್ ಬಿ, 250 ಮಿಲಿಗ್ರಾಂ’ ಎಂದು ಚೀಟಿ ಬಂತು. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರದ ಹುಡುಗಿ ಕಪಾಟಿನಿಂದ 50 ಮಿಲಿಗ್ರಾಂನ ಐದು ಸೀಸೆ ತಂದು ಸಾಲಾಗಿ ಇಟ್ಟಳು. ಲೆಕ್ಕ ಸರಿಯಿತ್ತು, ಹೆಸರು ಸರಿಯಿತ್ತು, ಒಳಗಿನ ಹಳದಿ ಪುಡಿಯೂ ಎಂದಿನಂತೆಯೇ ಇತ್ತು. ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಅವಳೇ ಕೇಳಿದಳು: “ಸರ್, ಈ ಡಬ್ಬಿಯಲ್ಲಿ ಫಿಲ್ಟರ್ ಇಲ್ಲವಲ್ಲ?”

ಎರಡು ದಿನದ ಹಿಂದೆ ಇದೇ ಹೆಸರಿನ ಮದ್ದನ್ನು ಅವಳು ತಯಾರಿಸಿದ್ದಳು. ಆ ಡಬ್ಬಿಯಲ್ಲಿ ಸೀಸೆಯ ಜೊತೆಗೆ ಐದು ಮೈಕ್ರಾನ್‌ನ ಪುಟ್ಟ ಫಿಲ್ಟರ್ ಇತ್ತು. ಈ ಡಬ್ಬಿಯಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಇದು ಬೇರೆಯದೇ ಮದ್ದು. ವೈದ್ಯರ ಮನಸ್ಸಿನಲ್ಲಿದ್ದದ್ದು ಲೈಪೋಸೋಮ್ ರೂಪದ, ಅಂದರೆ ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಹುದುಗಿಸಿದ ಆಂಫೊಟೆರಿಸಿನ್. ಅದನ್ನು ಕಿಲೊ ತೂಕಕ್ಕೆ 3ರಿಂದ 5 ಮಿಲಿಗ್ರಾಂವರೆಗೆ ಕೊಡುವುದು ವಾಡಿಕೆ. ಮೇಜಿನ ಮೇಲಿದ್ದದ್ದು ಹಳೆಯ, ಸಾದಾ ಆಂಫೊಟೆರಿಸಿನ್. ಅದನ್ನು ದಿನಕ್ಕೆ ಕಿಲೊಗೆ 1.5 ಮಿಲಿಗ್ರಾಂ ದಾಟಿಸಬಾರದು, ದಾಟಿದರೆ ಹೃದಯ ಮತ್ತು ಉಸಿರಾಟ ನಿಲ್ಲಬಹುದು ಎಂದು ಅದರ ಮಾಹಿತಿ ಪತ್ರದಲ್ಲೇ ಚೌಕಟ್ಟು ಹಾಕಿ ಎಚ್ಚರಿಸಿರುತ್ತಾರೆ. ನಾವು ಕಲಸಲು ಹೊರಟಿದ್ದದ್ದು ಆ ಮಿತಿಯ ಮೂರು ಪಟ್ಟಿಗೂ ಹೆಚ್ಚು.

ಆ ರೋಗಿಯನ್ನು ಉಳಿಸಿದ್ದು ನನ್ನ ಅನುಭವವೂ ಅಲ್ಲ, ನಿಮ್ಮ ನಿಯಮವೂ ಅಲ್ಲ. ಡಬ್ಬಿಯಲ್ಲಿ ಇಲ್ಲದಿದ್ದ ಒಂದು ಪ್ಲಾಸ್ಟಿಕ್ ತುಂಡು.

ನ್ಯಾನೋ ತಂತ್ರಜ್ಞಾನ ವೈದ್ಯಕೀಯವನ್ನು ಬದಲಿಸುತ್ತದೆ ಎಂಬ ಮಾತು ಬಂದಾಗ ಜನರ ಕಣ್ಣ ಮುಂದೆ ಬರುವುದು ರಕ್ತನಾಳದಲ್ಲಿ ಈಜುವ ಪುಟಾಣಿ ಯಂತ್ರ. ರಿಚರ್ಡ್ ಫೈನ್‌ಮನ್ 1959ರ ಉಪನ್ಯಾಸದಲ್ಲಿ, ಸರ್ಜನ್ನನ್ನೇ ನುಂಗಿಬಿಡುವಂತಿದ್ದರೆ ಹೇಗೆ ಎಂಬ ಗೆಳೆಯನ ಕಲ್ಪನೆಯೊಂದನ್ನು ಹೇಳಿದ್ದರು. ಆ ಚಿತ್ರ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಯಂತ್ರ ಇನ್ನೂ ಬಂದಿಲ್ಲ. ಬಂದದ್ದು ಕೊಬ್ಬಿನ ಗುಳ್ಳೆ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಅಲೆಕ್ ಬ್ಯಾಂಗ್‌ಹ್ಯಾಮ್, ಜೀವಕೋಶದ ಪೊರೆಯಲ್ಲಿರುವಂಥ ಕೊಬ್ಬನ್ನು ನೀರಿಗೆ ಬೆರೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ, ಅದು ತಾನೇ ತಾನಾಗಿ ಮುಚ್ಚಿದ ಗುಳ್ಳೆಗಳಾಗಿ ನಿಂತಿತ್ತು. ಒಳಗೆ ನೀರು, ಸುತ್ತ ಎರಡು ಪದರದ ಕೊಬ್ಬು. ಅದೇ ಲೈಪೋಸೋಮ್. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. ಒಂದು ಕೂದಲೆಳೆಯ ದಪ್ಪ ಸುಮಾರು 80,000 ನ್ಯಾನೋಮೀಟರ್, ಕೆಂಪು ರಕ್ತಕಣದ ಅಗಲ 7,000ದ ಮೇಲೆ. ನಾನು ಕೈಯಲ್ಲಿ ಹಿಡಿಯುವ ಸೀಸೆಯೊಳಗಿನ ಗುಳ್ಳೆ 100ರ ಆಸುಪಾಸಿನದು.

ಈ ಅಳತೆಗೆ ಕಾರಣವಿದೆ. ಸುಮಾರು ಆರು ನ್ಯಾನೋಮೀಟರಿಗಿಂತ ಚಿಕ್ಕ ಕಣವನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ. ತೀರ ದೊಡ್ಡದಾದರೆ ಯಕೃತ್ತು ಮತ್ತು ಗುಲ್ಮದಲ್ಲಿ ಸಿಕ್ಕಿಬೀಳುತ್ತದೆ. ನಡುವಿನ ಗಾತ್ರದ್ದು ಹೊತ್ತುಗಟ್ಟಲೆ ರಕ್ತದಲ್ಲಿ ತಿರುಗುತ್ತದೆ. ಅಂದರೆ ಅಣುವನ್ನು ಬದಲಿಸದೆಯೇ ಅದರ ದಾರಿಯನ್ನು ಬದಲಿಸಬಹುದು. ಕೀಮೋ ಕೊಠಡಿಯ ಡಾಕ್ಸೊರುಬಿಸಿನ್ ನೋಡಿ. ಸಾದಾ ರೂಪದಲ್ಲಿ ರಕ್ತಕ್ಕೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅಂಗಾಂಗಗಳಿಗೆ ಹರಡಿ ಹೋಗುತ್ತದೆ, ಹೃದಯದ ಸ್ನಾಯುವನ್ನೂ ಬಿಡುವುದಿಲ್ಲ. ಅದೇ ಅಣುವನ್ನು ಲೈಪೋಸೋಮ್‌ನೊಳಗೆ ತುಂಬಿ, ರೋಗನಿರೋಧಕ ಕೋಶಗಳಿಗೆ ಸುಲಭಕ್ಕೆ ಗುರುತು ಸಿಗದಂತೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಹೊದಿಕೆ ಹೊದಿಸಿದ ಮದ್ದಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಒಂದೊಂದು ಗುಳ್ಳೆಯೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳು ಹರಳುಗಟ್ಟಿ ಕೂತಿರುತ್ತವೆ. ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ, ಹೃದಯಕ್ಕೆ ಪೆಟ್ಟು ಕಡಿಮೆ. ಬದಲಿಗೆ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಸುಲಿಯುವ ಹೊಸ ತೊಂದರೆ ಬಂತು. ಉಪಕಾರವೂ ಬೇರೆ, ಉಪದ್ರವವೂ ಬೇರೆ. ಹಾಗಾದ ಮೇಲೆ ಅದು ಬೇರೆಯೇ ಮದ್ದು.

ಸಾದಾ ಡಾಕ್ಸೊರುಬಿಸಿನ್ ಬೆಳಕಿಗೆ ಹಿಡಿದರೆ ತಿಳಿಯಾದ ಕೆಂಪು. ಲೈಪೋಸೋಮ್‌ನದು ತುಸು ಮಬ್ಬಾದ ಕೆಂಪು. ಹೊಸಬರಿಗೆ ನಾನು ಮೊದಲು ಕಲಿಸುವುದು ಈ ಮಬ್ಬನ್ನು. ಆದರೆ ರಾತ್ರಿ ಎರಡು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ಮಬ್ಬು ಯಾವುದು, ತಿಳಿ ಯಾವುದು ಎಂದು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಕಾದ ಸ್ಥಿತಿ ಇರಬಾರದು. ಅದಕ್ಕೇ ಲೇಬಲ್ ಇರುವುದು.

ಪ್ಯಾಕ್ಲಿಟ್ಯಾಕ್ಸೆಲ್‌ನದೂ ಇದೇ ಕಥೆ. ಅದು ನೀರಿನಲ್ಲಿ ಕರಗದ ಮದ್ದು. ಹಳೆಯ ರೂಪದಲ್ಲಿ ಅದನ್ನು ಹರಳೆಣ್ಣೆಯಿಂದ ತಯಾರಾದ ದ್ರಾವಕವೊಂದರಲ್ಲಿ ಕರಗಿಸುತ್ತಾರೆ. ಆ ದ್ರಾವಕಕ್ಕೇ ಕೆಲವರ ಮೈ ಕೆರಳುತ್ತದೆ, ಹಾಗಾಗಿ ಮೊದಲು ಸ್ಟೀರಾಯ್ಡ್ ಕೊಟ್ಟು, ಆಮೇಲೆ ಸಾಮಾನ್ಯವಾಗಿ ಮೂರು ಗಂಟೆ ಹನಿ ಹನಿಯಾಗಿ ಬಿಡಬೇಕು. 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ರೂಪದಲ್ಲಿ ಆ ದ್ರಾವಕವೇ ಇಲ್ಲ. ನಮ್ಮ ರಕ್ತದಲ್ಲಿ ಸಹಜವಾಗಿರುವ ಆಲ್ಬುಮಿನ್ ಪ್ರೋಟೀನ್‌ಗೆ ಮದ್ದನ್ನು ಅಂಟಿಸಿ 130 ನ್ಯಾನೋಮೀಟರಿನ ಕಣ ಮಾಡಿದ್ದಾರೆ. ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ. ಸ್ತನ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಕೊಡುವಾಗ ಹಳೆಯದರ ಡೋಸ್ ದೇಹದ ಮೇಲ್ಮೈಯ ಚದರ ಮೀಟರಿಗೆ 175 ಮಿಲಿಗ್ರಾಂ, ಹೊಸದರದ್ದು 260. ಚೀಟಿಯಲ್ಲಿ ಬರೀ ‘ಪ್ಯಾಕ್ಲಿಟ್ಯಾಕ್ಸೆಲ್’ ಎಂದಿದ್ದರೆ ನಾನು ಯಾವುದನ್ನು ತೆಗೆಯಲಿ? ಫೋನ್ ಮಾಡಿ ಕೇಳುತ್ತೇನೆ ಅನ್ನಿ. ಫೋನ್ ಎತ್ತದಿದ್ದರೆ?

ಯುರೋಪಿನ ಔಷಧ ಸಂಸ್ಥೆ ಇದನ್ನು 2019ರಲ್ಲಿ ಒಪ್ಪಿಕೊಂಡಿತು. ಸಾದಾ ರೂಪ ಮತ್ತು ಲೈಪೋಸೋಮ್ ರೂಪ ಅದಲುಬದಲಾಗಿ ರೋಗಿಗಳಿಗೆ ಗಂಭೀರ ಅಪಾಯವಾದ ವರದಿಗಳು, ಸಾವಿನ ವರದಿಗಳೂ ಬಂದಿದ್ದವು. ಆಮೇಲೆ ಬ್ರಾಂಡ್ ಹೆಸರಿಗೇ ‘ಲೈಪೋಸೋಮಲ್’, ‘ಪೆಗೈಲೇಟೆಡ್ ಲೈಪೋಸೋಮಲ್’ (ಪಾಲಿಎಥಿಲೀನ್ ಗ್ಲೈಕಾಲ್ ಹೊದಿಸಿದ್ದು) ಎಂಬ ಪದ ಸೇರಿಸಬೇಕೆಂದು ಅದು ಹೇಳಿತು. ಮದ್ದು ಮಾರುಕಟ್ಟೆಗೆ ಬಂದು ಎರಡು ದಶಕವಾದ ಮೇಲೆ! ತಡವಾಯಿತು ಎಂದು ದೂರಬಹುದು, ಆದರೆ ಆದದ್ದಾದರೂ ಆಯಿತು. ಈ ನಿಯಮವನ್ನು ಎಲ್ಲ ದೇಶಗಳ ನಿಯಂತ್ರಕರೂ ಮದ್ದನ್ನು ಹೊರುವ ಎಲ್ಲ ವಾಹಕ ಕಣಗಳಿಗೂ ವಿಸ್ತರಿಸಬೇಕು ಎಂಬುದು ನನ್ನ ಮೊದಲ ಬೇಡಿಕೆ. ಅಣುವಿನ ಹೆಸರು ಯಾವ ಅಕ್ಷರದಲ್ಲಿದೆಯೋ ವಾಹಕದ ಹೆಸರೂ ಅದೇ ಗಾತ್ರದಲ್ಲಿ ಸೀಸೆಯ ಮೇಲೆ, ಡಬ್ಬಿಯ ಮೇಲೆ ಇರಲಿ. ಕಂಪ್ಯೂಟರಿನ ಪಟ್ಟಿಯಲ್ಲೂ, ವೈದ್ಯರ ಚೀಟಿಯಲ್ಲೂ ಹಾಗೆಯೇ ಇರಲಿ. ವಾಹಕ ನಮೂದಿಸದ ಚೀಟಿಯನ್ನು ವಾಪಸು ಕಳಿಸುವ ಹಕ್ಕು ನನ್ನಂಥವರಿಗೆ ಕಾಗದದ ಮೇಲೆ ಸಿಗಲಿ. ಈಗ ನಾವು ವಾಪಸು ಕಳಿಸಿದರೆ ‘ತಗಾದೆಯವನು’ ಎಂಬ ಹೆಸರು ಬರುತ್ತದೆ, ಅಷ್ಟೆ.

ಇದನ್ನು ಓದಿ ಯಾರಾದರೂ, ಇಷ್ಟು ರಗಳೆ ಇರುವ ಮದ್ದು ಯಾಕೆ ಬೇಕು ಎಂದರೆ ನನ್ನ ಉತ್ತರ ಆಂಫೊಟೆರಿಸಿನ್ನೇ. ಸಾದಾ ರೂಪದಲ್ಲಿ ಅದು ಮೂತ್ರಪಿಂಡವನ್ನು ಹಿಂಡುವ ಮದ್ದು, ದಿನಗಟ್ಟಲೆ ಕೊಡಬೇಕು, ದಿನವೂ ರಕ್ತ ಪರೀಕ್ಷೆ, ಜೊತೆಗೆ ಚಳಿ ಜ್ವರ. ಹಳೆಯ ವೈದ್ಯರು ಅದಕ್ಕೆ ಇಟ್ಟ ಅಡ್ಡಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಕೊಬ್ಬಿನ ಪದರದೊಳಗೆ ಹುದುಗಿಸಿದ ರೂಪ ಬಂದ ಮೇಲೆ ಅದೇ ಅಣು ಎಷ್ಟು ಪಳಗಿತೆಂದರೆ, ಎಚ್‌ಐವಿ ಇರುವವರಿಗೆ ಬರುವ ಕ್ರಿಪ್ಟೊಕಾಕಸ್ ಮೆದುಳುಪೊರೆಯ ಉರಿಯೂತಕ್ಕೆ ಕಿಲೊಗೆ 10 ಮಿಲಿಗ್ರಾಂನಂತೆ ಒಂದೇ ಒಂದು ಡೋಸ್ ಕೊಟ್ಟು, ಎರಡು ವಾರ ಮಾತ್ರೆಗಳನ್ನು ಮುಂದುವರಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಕಿಲೊಗೆ ಹತ್ತು ಮಿಲಿಗ್ರಾಂ! ಸಾದಾ ಮದ್ದಿನ ಮಿತಿಯ ಆರು ಪಟ್ಟಿಗೂ ಹೆಚ್ಚು. ಜೀವ ಉಳಿಸುವ ಡೋಸ್ ಮತ್ತು ಜೀವ ತೆಗೆಯುವ ಡೋಸ್ ಒಂದೇ ಸಂಖ್ಯೆಯಾಗಿದೆ. ಎರಡನ್ನೂ ಬೇರ್ಪಡಿಸುವುದು ಲೇಬಲ್ಲಿನ ಒಂದು ಪದ.

ಎರಡನೆಯ ಮಾತು ನಕಲು ಮದ್ದುಗಳದು, ಅಂದರೆ ಪೇಟೆಂಟ್ ಮುಗಿದ ಮೇಲೆ ಬರುವ ಜೆನೆರಿಕ್‌ಗಳದು. ಅವುಗಳ ಬಗ್ಗೆ ನನಗೆ ತಕರಾರಿಲ್ಲ, ಅವಿಲ್ಲದೆ ನ್ಯಾನೋ ಮದ್ದು ಹೆಚ್ಚಿನ ರೋಗಿಗಳ ಕೈಗೆಟುಕುವುದೇ ಇಲ್ಲ. ಆದರೆ ಸಾದಾ ಮಾತ್ರೆಗೆ ಹಾಕುವ ಅಳತೆಗೋಲು ಇಲ್ಲಿ ಸಾಲದು. ರಕ್ತದಲ್ಲಿ ಒಟ್ಟು ಇಷ್ಟು ಮದ್ದು ಸಿಕ್ಕಿತು ಎಂದರೆ, ಅದರಲ್ಲಿ ಗುಳ್ಳೆಯೊಳಗೆ ಇನ್ನೂ ಭದ್ರವಾಗಿರುವುದೆಷ್ಟು, ಸೋರಿ ಹೊರಬಂದದ್ದೆಷ್ಟು? ಕಣಗಳ ಸರಾಸರಿ ಗಾತ್ರ ಸರಿಯಿದ್ದರೂ ಅತಿ ದೊಡ್ಡವು, ಅತಿ ಚಿಕ್ಕವು ಎಷ್ಟಿವೆ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಅಂತಿಮಗೊಳಿಸಿದ ಮಾರ್ಗಸೂಚಿ ಇಂಥ ಪ್ರಶ್ನೆಗಳನ್ನು ಕಂಪನಿಗಳ ಮುಂದಿಡುತ್ತದೆ. ಕಂಪನಿಗಳು ಕೊಟ್ಟ ಉತ್ತರವನ್ನು ನನ್ನಂಥವರೂ ಓದುವಂತಿರಬೇಕು. ಒಂದು ತಯಾರಕರ ಸೀಸೆ ಮುಗಿದು ಇನ್ನೊಬ್ಬರದು ಬಂದಾಗ, ನಡುವೆ ಚಿಕಿತ್ಸೆಯಲ್ಲಿರುವ ರೋಗಿಗೆ ಬದಲಿಸಬಹುದೇ ಎಂದು ವಾರ್ಡಿನಿಂದ ಕೇಳಿದರೆ ‘ಅನುಮತಿ ಇದೆ’ ಎಂಬುದೊಂದೇ ನನ್ನ ಬಳಿ ಇರುವ ಉತ್ತರ.

ಇನ್ನು, ‘ಕ್ಯಾನ್ಸರ್ ಗೆಡ್ಡೆಯನ್ನೇ ಹುಡುಕಿ ಹೋಗಿ ಬಡಿಯುವ ಮದ್ದು’ ಎಂಬ ಮಾತು. ಕಂಪನಿಗಳ ಕರಪತ್ರದಲ್ಲಿ, ಪತ್ರಿಕೆಗಳಲ್ಲಿ, ಕೆಲವೊಮ್ಮೆ ವೈದ್ಯರ ಬಾಯಲ್ಲೂ ಕೇಳಿದ್ದೇನೆ. ಇದರ ಬೇರು 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ತೋರಿಸಿದ ಒಂದು ಸಂಗತಿಯಲ್ಲಿದೆ: ಗೆಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆಯಲ್ಲಿ ಸಂದುಗಳಿರುತ್ತವೆ, ದೊಡ್ಡ ಅಣುಗಳು ಅಲ್ಲಿಂದ ಜಾರಿ ಒಳಗೇ ಉಳಿಯುತ್ತವೆ. ನಿಜ. ಆದರೆ ಎಷ್ಟು ಉಳಿಯುತ್ತವೆ? ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ವಿಶ್ಲೇಷಣೆಯೊಂದು 2016ರಲ್ಲಿ ಪ್ರಕಟವಾಯಿತು. ಚುಚ್ಚಿದ ಕಣಗಳಲ್ಲಿ ಗೆಡ್ಡೆ ತಲುಪಿದ್ದು, ಮಧ್ಯಾಂಕ ಲೆಕ್ಕದಲ್ಲಿ, ಶೇಕಡಾ 0.7. ನೂರಕ್ಕೆ ಒಂದೂ ಇಲ್ಲ. ಈ ಅಂಕಿಯ ಲೆಕ್ಕಾಚಾರದ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ, ಅದು ಇರಲಿ. ರಕ್ತಕ್ಕೆ ಬಿದ್ದ ಕ್ಷಣದಿಂದಲೇ ಕಣದ ಮೈಗೆ ಪ್ರೋಟೀನ್‌ಗಳು ಮುತ್ತಿಕೊಳ್ಳುತ್ತವೆ, ಯಕೃತ್ತಿನ ಕೋಶಗಳು ಅವನ್ನು ಕಂಡು ಹಿಡಿದು ನುಂಗುತ್ತವೆ ಎಂಬುದರ ಬಗ್ಗೆ ವಾದವಿಲ್ಲ. ಗೆಡ್ಡೆಗೆ ಮದ್ದು ಹೆಚ್ಚು ಹೋಗುತ್ತದೆ ಎನ್ನುವುದಕ್ಕಿಂತ ಹೃದಯಕ್ಕೆ, ಮೂತ್ರಪಿಂಡಕ್ಕೆ ಕಡಿಮೆ ಹೋಗುತ್ತದೆ ಎನ್ನುವುದೇ ಈ ಮದ್ದುಗಳ ಹೆಚ್ಚುಗಾರಿಕೆ. ರೋಗಿಗೆ ಅದೇನು ಸಣ್ಣ ಲಾಭವಲ್ಲ, ಅದನ್ನೇ ನೇರವಾಗಿ ಹೇಳಲು ನಾಚಿಕೆ ಯಾಕೆ? ‘ಹುಡುಕಿ ಹೋಗುವ’ ಎಂಬ ಪದ ಬಳಸುವವರು ಎಷ್ಟು ಪಾಲು ಎಲ್ಲಿಗೆ ಹೋಯಿತು ಎಂಬ ಅಂಕಿಯನ್ನೂ ಪಕ್ಕದಲ್ಲೇ ಮುದ್ರಿಸಲಿ ಎಂದು ನೀವು ಆದೇಶ ಮಾಡಿದರೆ ಆ ಪದ ತಾನಾಗಿಯೇ ಕಡಿಮೆಯಾದೀತು.

ಯಕೃತ್ತು ನುಂಗುತ್ತದೆ ಎಂದೆ. ಜಾಣರು ಅದನ್ನೇ ದಾರಿ ಮಾಡಿಕೊಂಡರು. ಕೊಬ್ಬಿನ ನ್ಯಾನೋಕಣ ರಕ್ತದಲ್ಲಿ ಅಪೊಲಿಪೊಪ್ರೋಟೀನ್ ಇ ಎಂಬುದನ್ನು ಮೈಗೆ ಅಂಟಿಸಿಕೊಂಡು, ಕೊಲೆಸ್ಟರಾಲ್ ಹೋಗುವ ಬಾಗಿಲಿನಲ್ಲೇ ಯಕೃತ್ತಿನ ಕೋಶದೊಳಗೆ ಹೋಗುತ್ತದೆ. ಒಳಗಿನ ಆಮ್ಲೀಯ ಚೀಲದಲ್ಲಿ ಅದರ ಕೊಬ್ಬಿಗೆ ಧನ ವಿದ್ಯುದಾವೇಶ ಬಂದು ಚೀಲದ ಪೊರೆ ಒಡೆಯುತ್ತದೆ, ಹೊತ್ತು ತಂದ ಆರ್‌ಎನ್‌ಎ ಹೊರಗೆ ಬೀಳುತ್ತದೆ. ಈ ಬಗೆಯ ಮೊದಲ ಮದ್ದು ಪ್ಯಾಟಿಸಿರಾನ್ 2018ರಲ್ಲಿ ಬಂತು, ನರಗಳನ್ನು ಕೆಡಿಸುವ ಒಂದು ಅಪರೂಪದ ಆನುವಂಶಿಕ ಕಾಯಿಲೆಗೆ. ಎರಡು-ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಜಾತಿಯ ಕಣ ಕೋವಿಡ್ ಲಸಿಕೆಯ ಎಂಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಕೋಶಕ್ಕೆ ಕೊಡುವ ಸೂಚನೆಯ ಎಳೆ) ಹೊತ್ತು ಕೋಟ್ಯಂತರ ತೋಳುಗಳಿಗೆ ಇಳಿಯಿತು. ಎಂಆರ್‌ಎನ್‌ಎ ಕೆಲಸಕ್ಕೆ ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್‌ಗೆ 2023ರಲ್ಲಿ ನೊಬೆಲ್ ಬಂತು, ಹೊತ್ತು ತಂದ ಕೊಬ್ಬಿನ ಕಣದ ಹೆಸರು ಮಾತ್ರ ಹೆಚ್ಚಿನವರ ಕಿವಿಗೆ ಬೀಳಲೇ ಇಲ್ಲ. 2025ರಲ್ಲಿ ಯಕೃತ್ತಿನ ಕಿಣ್ವವೊಂದರ ಕೊರತೆಯೊಂದಿಗೆ ಹುಟ್ಟಿದ ಹಸುಗೂಸಿಗೆ, ಆ ಒಂದು ಮಗುವಿನ ವಂಶವಾಹಿಯ ತಪ್ಪನ್ನು ತಿದ್ದಲೆಂದೇ ತಯಾರಿಸಿದ ಮದ್ದನ್ನು ಕೊಟ್ಟ ಸುದ್ದಿ ಬಂತಲ್ಲ, ಅದನ್ನು ಹೊತ್ತದ್ದೂ ಇಂಥದೇ ಕಣ.

ಲಸಿಕೆಯ ಕಾಲದಲ್ಲಿ ‘ನ್ಯಾನೋ’ ಎಂಬ ಪದ ಕೇಳಿದೊಡನೆ ಜನ ಮೈಯೊಳಗೆ ಚಿಪ್ ಇಡುತ್ತಾರೆಂದು ಹೆದರಿದರು. ಹೆದರಿದವರನ್ನು ನೋಡಿ ನಗುವುದು ಸುಲಭ. ಒಳಗೇನಿದೆ ಎಂದು ಮೊದಲೇ ಸರಳ ಮಾತಿನಲ್ಲಿ ಹೇಳಿದ್ದರೆ ವದಂತಿಗೆ ಅಷ್ಟು ಜಾಗ ಸಿಗುತ್ತಿತ್ತೇ? ರೋಗಿಯ ಕೈಗೆ ಕೊಡುವ ಹಾಳೆಯಲ್ಲಿ ವಾಹಕದ ಬಗ್ಗೆ ನಾಲ್ಕು ಸಾಲು ಇರಲಿ, ಅವರ ಭಾಷೆಯಲ್ಲಿ. ಅದು ಎಂಥ ಕಣ, ಮೈಯಲ್ಲಿ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ಇರುತ್ತದೆ. ಮೊದಲ ಡ್ರಿಪ್‌ನ ಮೊದಲ ನಿಮಿಷಗಳಲ್ಲೇ ಎದೆ ಬಿಗಿದರೆ, ಬೆನ್ನು ನೋವು ಬಂದರೆ, ಮುಖ ಕೆಂಪೇರಿದರೆ ಕೂಡಲೇ ನರ್ಸಿಗೆ ಹೇಳಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಇದು ಹಲವು ನ್ಯಾನೋ ಮದ್ದುಗಳಲ್ಲಿ ಕಾಣುವ ತೊಂದರೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ನ್ಯಾನೋಕಣದ ಮದ್ದೊಂದಕ್ಕೆ 2009ರಲ್ಲಿ ಅನುಮತಿ ಕೊಟ್ಟ ಅಮೆರಿಕದ ಅಧಿಕಾರಿಗಳೇ, ಜೀವಕ್ಕೆ ಎರವಾಗುವ ಅಲರ್ಜಿಯ ವರದಿಗಳು ಬಂದ ಮೇಲೆ 2015ರಲ್ಲಿ ಅದಕ್ಕೆ ಅತಿ ಕಠಿಣ ಎಚ್ಚರಿಕೆಯ ಚೌಕಟ್ಟು ಹಾಕಿಸಿದರು.

ರೋಗ ಪತ್ತೆಯ ಕಡೆ ಬಂದರೆ ಪರಿಸ್ಥಿತಿ ತಮಾಷೆಯಾಗಿದೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ, ಕೋವಿಡ್ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಬಹಳಷ್ಟು ಸಲ ಚಿನ್ನ. ಹತ್ತಾರು ನ್ಯಾನೋಮೀಟರಿನ ಚಿನ್ನದ ಕಣ ಹಸಿರು ಬೆಳಕನ್ನು ಹೀರಿಕೊಂಡು ಕೆಂಪಾಗಿ ಕಾಣುತ್ತದೆ. ಮೈಕೆಲ್ ಫ್ಯಾರಡೆ 1857ರಷ್ಟು ಹಿಂದೆಯೇ ಇಂಥ ಮಾಣಿಕ್ಯ ಬಣ್ಣದ ಚಿನ್ನದ ದ್ರವದ ಬಗ್ಗೆ ಬರೆದಿದ್ದರು. ಕಣಗಳಿಗೆ ಪ್ರತಿಕಾಯ, ಅಂದರೆ ಒಂದು ನಿರ್ದಿಷ್ಟ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್ ಅಂಟಿಸಿದರೆ, ಹುಡುಕುವ ವಸ್ತು ಸಿಕ್ಕಲ್ಲಿ ಅವು ಗುಂಪುಗೂಡಿ ಗೆರೆಯಾಗುತ್ತವೆ. ವಿದ್ಯುತ್ತು ಬೇಡ, ಲ್ಯಾಬ್ ಬೇಡ. ಜಗತ್ತಿನಲ್ಲಿ ಅತಿ ಹೆಚ್ಚು ಜನ ಮುಟ್ಟಿ ನೋಡಿದ ನ್ಯಾನೋ ತಂತ್ರಜ್ಞಾನ ಬಹುಶಃ ಇದೇ, ಅದರ ಮೇಲೆ ಆ ಪದವೇ ಇಲ್ಲ. ಅತ್ತ ಮುಖಕ್ಕೆ ಹಚ್ಚುವ ಕ್ರೀಮಿನಿಂದ ಹಿಡಿದು ಶಕ್ತಿವರ್ಧಕ ಪುಡಿಯವರೆಗೆ, ಏನನ್ನೂ ಸಾಬೀತು ಮಾಡದ ಡಬ್ಬಿಗಳ ಮೇಲೆ ‘ನ್ಯಾನೋ’ ಹೊಳೆಯುತ್ತದೆ. ಇರಬೇಕಾದಲ್ಲಿ ಇಲ್ಲ, ಇರಬಾರದಲ್ಲಿ ಇದೆ. ಅಳತೆಯ ದಾಖಲೆ ತೋರಿಸದವರಿಗೆ ಆ ಪದ ಮುದ್ರಿಸಲು ಬಿಡಬೇಡಿ.

ಪತ್ತೆಯ ಉಪಕರಣಗಳಿಗೆ ಅನುಮತಿ ಕೊಡುವಾಗ ಇನ್ನೊಂದು ಪ್ರಶ್ನೆ ಕೇಳಿ: ಪತ್ತೆಯಾಯಿತು, ಆಮೇಲೆ ರೋಗಿಗೇನಾಯಿತು? ಕಾಂತೀಯ ನ್ಯಾನೋಕಣಗಳಿಗೆ ಪ್ರತಿಕಾಯ ಅಂಟಿಸಿ, ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಆಯಸ್ಕಾಂತದಿಂದ ಹೆಕ್ಕುವ ಪರೀಕ್ಷೆ 2004ರಿಂದ ಇದೆ. ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಮೂರು ಸಾವಿರ ಕೋಟಿಗೂ ಮೀರಿದ ಕೆಂಪು ಕಣಗಳ ನಡುವೆ ಐದೇ ಐದು ಕೋಶಗಳನ್ನು ಎಣಿಸಬಲ್ಲದು. ನೋಡಿದರೆ ಮೈ ಜುಮ್ಮೆನ್ನುವ ಕೌಶಲ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ ಕಾಯಿಲೆ ಬಿರುಸಾಗಿದೆ ಎಂದೂ ಗೊತ್ತಾಗುತ್ತದೆ. ಆದರೆ ಮೊದಲ ಸುತ್ತಿನ ಕೀಮೋ ಆದ ಮೇಲೂ ಸಂಖ್ಯೆ ಇಳಿಯದ ಮಹಿಳೆಯರಿಗೆ ಕಾಯದೆ ಕೀಮೋ ಬದಲಿಸಿ ನೋಡಿದ ಅಧ್ಯಯನ 2014ರಲ್ಲಿ ಬಂದಾಗ, ಬದಲಿಸಿದ್ದರಿಂದ ಆಯಸ್ಸು ಹೆಚ್ಚಿರಲಿಲ್ಲ. ತಪ್ಪು ಪರೀಕ್ಷೆಯದಲ್ಲ, ಕೊಡಲು ಹೆಚ್ಚು ಒಳ್ಳೆಯ ಮದ್ದು ಇರಲಿಲ್ಲ. ಎಣಿಕೆ ಮಾತ್ರ ಕೈಗೆ ಕೊಟ್ಟು ರೋಗಿಯನ್ನು ಮನೆಗೆ ಕಳಿಸುವ ಪರೀಕ್ಷೆಗಳು ಇನ್ನೂ ಬರಲಿವೆ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ನ್ಯಾನೋ ಗಾತ್ರದ ಪ್ರೋಟೀನ್ ರಂಧ್ರದೊಳಗೆ ಡಿಎನ್‌ಎ ಎಳೆಯನ್ನು ತೂರಿಸಿ, ವಿದ್ಯುತ್ ಹರಿವಿನ ಏರಿಳಿತದಿಂದ ಅದರ ಅಕ್ಷರಗಳನ್ನು ಓದುವ ಅಂಗೈಯಗಲದ ಯಂತ್ರವನ್ನು 2015ರಲ್ಲಿ ಗಿನಿ ದೇಶಕ್ಕೆ ವಿಮಾನದ ಲಗೇಜಿನಲ್ಲೇ ಒಯ್ದರು. ಎಬೋಲಾ ಹರಡುತ್ತಿತ್ತು. ಮಾದರಿ ಕೈಸೇರಿದ ಒಂದು ದಿನದೊಳಗೆ ವೈರಸ್ಸಿನ ತಳಿ ಗೊತ್ತಾಗುತ್ತಿತ್ತು, ಸೋಂಕು ಯಾವ ಸರಪಳಿಯಿಂದ ಬಂತು ಎಂದು ಹಿಂಬಾಲಿಸಲು ಆ ಮಾಹಿತಿ ಕ್ಷೇತ್ರದಲ್ಲಿದ್ದವರ ಕೈಗೆ ಹೋಗುತ್ತಿತ್ತು. ಪತ್ತೆಗೂ ಕ್ರಮಕ್ಕೂ ನಡುವೆ ಅಂತರ ಕಡಿಮೆಯಿದ್ದ ಸಂದರ್ಭ ಅದು.

ನನ್ನ ಬೇಡಿಕೆಗಳಿಗೆ ಹೊಸ ಪ್ರಯೋಗಾಲಯ ಬೇಕಿಲ್ಲ, ಶಾಯಿ ಬೇಕು. ಕಂಪನಿಗಳು ಡಬ್ಬಿ ಬದಲಿಸಲು ಕಾಲಾವಕಾಶ ಕೇಳುತ್ತವೆ, ಕೊಡಿ, ಆದರೆ ಕೊನೆಯ ದಿನಾಂಕ ಹಾಕಿ ಕೊಡಿ.

ಆ ರಾತ್ರಿ ಪ್ರಶ್ನೆ ಕೇಳಿದ ಹುಡುಗಿ ಮರುದಿನ ಕೆಂಪು ಪೆನ್ನಿನಲ್ಲಿ ಒಂದು ಚೀಟಿ ಬರೆದು ಕಪಾಟಿನ ಮೇಲಿನ ಅರೆಗೆ ಅಂಟಿಸಿದಳು: ‘ಇದು ಸಾದಾ. ಫಿಲ್ಟರ್ ಇಲ್ಲ. ಕಿಲೊಗೆ 1.5 ದಾಟಬಾರದು.’ ಆಸ್ಪತ್ರೆ ಬದಲಿಸಿದಾಗ ನಾನು ಅದೇ ಒಕ್ಕಣೆಯನ್ನು ಇಲ್ಲಿಗೂ ತಂದೆ. ಟೇಪಿನ ಅಂಚು ಎದ್ದು ಬರುತ್ತಿದೆ, ಎರಡು ಸಲ ಹೊಸದಾಗಿ ಅಂಟಿಸಿದ್ದೇನೆ. ನಿಮ್ಮ ಆದೇಶ ಬರುವವರೆಗೆ ಅದು ಅಲ್ಲೇ ಇರುತ್ತದೆ.

ಇಂತಿ,
ಔಷಧ ತಯಾರಿ ಕೋಣೆಯ ಒಬ್ಬ ಫಾರ್ಮಸಿಸ್ಟ್